ಡಬ್ಬಿಯಲ್ಲಿ ಆರುನೂರು ರೂಪಾಯಿ: ಕೈ ಬಿಗಿಯಿದ್ದಾಗ ನಾಯಿ, ಬೆಕ್ಕಿಗೆ ಚಿಕಿತ್ಸೆ ಕೊಡಿಸುವುದು ಹೇಗೆ

ನಾನು ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದವಳು. ನಮ್ಮ ಓಣಿಯಲ್ಲಿ ಮನೆಮನೆಗೂ ಕೂದಲಿನ ಕೆಲಸ. ಗಂಟುಗಂಟಾಗಿ ಬರುವ ಕೂದಲಿನ ಉಂಡೆಗಳನ್ನು ಬಿಡಿಸಿ, ಎಳೆ ಎಳೆಯಾಗಿ ಬೇರ್ಪಡಿಸಿ ಕೊಟ್ಟರೆ ತೂಕದ ಲೆಕ್ಕದಲ್ಲಿ ಕೂಲಿ. ವಾರಕ್ಕೊಮ್ಮೆ ಕೈಗೆ ಬರುವ ಆ ದುಡ್ಡಿನಲ್ಲೇ ಜೋಳ, ಎಣ್ಣೆ, ಮಗಳ ಶಾಲೆ, ಅತ್ತೆಯ ಬಿಪಿ ಮಾತ್ರೆ ಎಲ್ಲವೂ ಆಗಬೇಕು. ಇದರ ನಡುವೆ ಮನೆಯಲ್ಲಿ ಕೆಂಚಿ ಎಂಬ ನಾಯಿಯೂ ಬೆಳ್ಳಿ ಎಂಬ ಬೆಕ್ಕೂ ಇವೆ. "ನಿನಗೇ ಇಲ್ಲ, ನಾಯಿಗೆ ಎಲ್ಲಿಂದ ತರುತ್ತೀ?" ಎಂದು ಕೇಳಿದವರು ಬಹಳ ಜನ. ಎಲ್ಲಿಂದ ತಂದೆ, ಹೇಗೆ ಹೊಂದಿಸಿದೆ ಎಂಬುದನ್ನು ನನ್ನಂಥವರಿಗಾಗಿ ಬರೆಯುತ್ತಿದ್ದೇನೆ.

ಎಡವಿದ್ದನ್ನೇ ಮೊದಲು ಹೇಳಿಬಿಡುತ್ತೇನೆ. ಕೆಂಚಿಗಿಂತ ಮುಂಚೆ ನಮ್ಮಲ್ಲಿ ಗುಂಡ ಎಂಬ ಎರಡೂವರೆ ತಿಂಗಳ ಮರಿಯಿತ್ತು. ಒಂದು ಸೋಮವಾರ ಬೆಳಿಗ್ಗೆ ಹಾಲು ಮುಟ್ಟಲಿಲ್ಲ. ಮಧ್ಯಾಹ್ನ ಎರಡು ಸಲ ವಾಂತಿ ಮಾಡಿಕೊಂಡಿತು. ಕೂಲಿ ಬರುವುದು ಗುರುವಾರ, ಮನೆಯಲ್ಲಿದ್ದದ್ದು ನೂರೈವತ್ತು ರೂಪಾಯಿ. ಡಾಕ್ಟರ ಹತ್ತಿರ ಹೋದರೆ ಸಾವಿರವಾದರೂ ಬೇಕಾಗುತ್ತದೆ ಎಂದು ನಾನೇ ಅಂದುಕೊಂಡೆ, ಯಾರನ್ನೂ ಕೇಳಲಿಲ್ಲ. ಮಂಗಳವಾರ ಮಜ್ಜಿಗೆ ಕುಡಿಸಿದೆ. ಬುಧವಾರ ರಕ್ತ ಬೆರೆತ ಭೇದಿ ಶುರುವಾಯಿತು. ಆ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ಗುರುವಾರ ಕೂಲಿ ಹಿಡಿದುಕೊಂಡು ಓಡಿದೆ. ಡಾಕ್ಟರು ಮರಿಯ ತುಟಿ ಎತ್ತಿ ನೋಡಿ, "ಇದು ಪಾರ್ವೊ. ಸೋಮವಾರವೇ ತಂದಿದ್ದರೆ ಪ್ರಯತ್ನ ಮಾಡಬಹುದಿತ್ತಮ್ಮಾ" ಎಂದರು. ಪಾರ್ವೊ ಎಂದರೆ ನಾಯಿಮರಿಗಳ ಕರುಳಿಗೆ ಹತ್ತುವ ವೈರಸ್ ರೋಗ. ಆ ದಿನ ಎಂಟುನೂರು ಖರ್ಚಾಯಿತು. ರಾತ್ರಿ ಮರಿ ಹೋಯಿತು. ಸೋಮವಾರ ಬೇಕಾಗಿದ್ದ ಒಂದು ಬಾಟಲಿ ಸಲೈನಿಗೂ ವಾಂತಿ ತಡೆಯುವ ಇಂಜೆಕ್ಷನ್ನಿಗೂ ನನ್ನಲ್ಲಿದ್ದ ನೂರೈವತ್ತೇ ಸಾಕಾಗುತ್ತಿತ್ತು ಎಂದು ತಿಳಿದದ್ದು ಆಮೇಲೆ. ತಂದಿದ್ದರೂ ಬದುಕುತ್ತಿತ್ತೋ ಇಲ್ಲವೋ, ಪಾರ್ವೊಗೆ ನೇರವಾದ ಮದ್ದಿಲ್ಲ. ಮೈಯಲ್ಲಿ ನೀರು ಇಳಿಯದಂತೆ ಕಾಪಾಡುತ್ತ ಮರಿ ತಾನೇ ಗೆಲ್ಲುವವರೆಗೆ ಕಾಯಬೇಕು. ಆದರೆ ಆ ಅವಕಾಶವನ್ನೇ ನಾನು ಅದಕ್ಕೆ ಕೊಡಲಿಲ್ಲ.

ಅಂದಿನಿಂದ ನಾನು ಹಿಡಿದ ಪಾಠ ಇಷ್ಟು: ದುಡ್ಡು ಕೂಡುವವರೆಗೆ ಕಾಯಬಾರದು. ಇದ್ದಷ್ಟು ಹಿಡಿದುಕೊಂಡು ಮೊದಲ ದಿನವೇ ಹೋಗಬೇಕು, ಎಷ್ಟಿದೆ ಎಂದು ಬಾಯಿಬಿಟ್ಟು ಹೇಳಬೇಕು. ತಡವಾದಂತೆಲ್ಲ ರೋಗದ ಜೊತೆ ಖರ್ಚೂ ಏರುತ್ತದೆ.

ತುಟಿ ಎತ್ತಿ ನೋಡುವುದು

ಹಾಗೆಂದು ಪ್ರತಿ ಸೀನಿಗೂ ಆಸ್ಪತ್ರೆಗೆ ಓಡಲು ನಮ್ಮಿಂದಾಗದು, ಒಂದು ದಿನದ ಕೆಲಸ ಬಿಟ್ಟರೆ ಒಂದು ದಿನದ ಕೂಲಿ ಹೋಗುತ್ತದೆ. ಯಾವುದು ನಾಳೆಯವರೆಗೆ ತಡೆದೀತು, ಯಾವುದು ತಡೆಯದು ಎಂದು ಮನೆಯಲ್ಲೇ ಗುರುತಿಸುವುದನ್ನು ಕಲಿಯಬೇಕು. ಪ್ರಾಣಿ ಚೆನ್ನಾಗಿರುವಾಗಲೇ ಅದರ ಮೇಲ್ತುಟಿ ಎತ್ತಿ ಒಸಡು ನೋಡಿಟ್ಟುಕೊಳ್ಳಿ. ನಸುಗೆಂಪಾಗಿ ಒದ್ದೆಯಾಗಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಒಂದು, ಎರಡು ಎಣಿಸುವಷ್ಟರಲ್ಲಿ ಮತ್ತೆ ಕೆಂಪೇರಬೇಕು. ಒಸಡೇ ಕಪ್ಪಾಗಿರುವ ನಾಯಿಗಳಲ್ಲಿ ಕೆಳಗಿನ ಕಣ್ಣುರೆಪ್ಪೆಯನ್ನು ಮೆಲ್ಲಗೆ ಇಳಿಸಿ ಒಳಗಿನ ಬಣ್ಣ ನೋಡಿ. ಹೆಗಲ ಮೇಲಿನ ಚರ್ಮವನ್ನು ಎತ್ತಿ ಬಿಟ್ಟರೆ ತಟ್ಟನೆ ಕೆಳಗಿಳಿಯಬೇಕು. ಚಿವುಟಿಟ್ಟ ರೊಟ್ಟಿ ಹಿಟ್ಟಿನಂತೆ ಎದ್ದೇ ನಿಂತರೆ ಮೈಯಲ್ಲಿ ನೀರು ಬತ್ತಿದೆ. ಒಂದು ಡಿಜಿಟಲ್ ಥರ್ಮಾಮೀಟರನ್ನು ಪ್ರಾಣಿಗಾಗಿಯೇ ಬೇರೆ ಇಟ್ಟುಕೊಳ್ಳಿ. ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದಲ್ಲಿ ಇಟ್ಟು ನೋಡಬೇಕು. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ಇದು ಗೊತ್ತಿಲ್ಲದೆ ಮೈ ಮುಟ್ಟಿ ನೋಡಿ ಜ್ವರವೆಂದು ಗಾಬರಿಯಾಗುವವರಿದ್ದಾರೆ.

ಒಂದು ಸಲ ವಾಂತಿ ಮಾಡಿ ಮತ್ತೆ ಆಡುತ್ತಿರುವ ದೊಡ್ಡ ನಾಯಿ, ಕಾಲೂರಿಕೊಂಡೇ ಸ್ವಲ್ಪ ಕುಂಟುವ ನಾಯಿ, ಕೆರೆದುಕೊಳ್ಳುವ ನಾಯಿ, ಇವುಗಳನ್ನು ಒಂದು ದಿನ ಗಮನಿಸಬಹುದು. ಆದರೆ ಮರಿ ಊಟ ಬಿಟ್ಟು ವಾಂತಿ ಮಾಡಿದರೆ ಆ ದಿನವೇ ಹೊರಡಿ. ಒಸಡು ಬಿಳಿಚಿಕೊಂಡರೆ, ಹೊಟ್ಟೆ ಉಬ್ಬಿ ವಾಂತಿ ಬರದೆ ಒದ್ದಾಡಿದರೆ, ಫಿಟ್ಸ್ ಬಂದರೆ, ಹಾವು ಕಚ್ಚಿದರೆ, ವಿಷ ತಿಂದ ಅನುಮಾನವಿದ್ದರೆ, ಹೆರಿಗೆಯ ನೋವು ಬಲವಾಗಿ ಬರುತ್ತಿದ್ದರೂ ಮರಿ ಬರದಿದ್ದರೆ ಗಡಿಯಾರ ನೋಡುತ್ತ ಕೂರಬೇಡಿ. ಹಲವರಿಗೆ ತಿಳಿಯದ ಇನ್ನೊಂದಿದೆ. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು, ಮುಕ್ಕರಿದು, ಒಂದು ಹನಿಯೂ ಬರದಿದ್ದರೆ ಅದು ಮಲಬದ್ಧತೆಯೆಂದು ಎಣ್ಣೆ ಕುಡಿಸುತ್ತಾರೆ. ಅದು ಮೂತ್ರನಾಳ ಕಟ್ಟಿಕೊಂಡಿರುವುದು. ಒಂದೆರಡು ದಿನದಲ್ಲಿ ಬೆಕ್ಕು ಸಾಯುತ್ತದೆ.

ಎಲ್ಲಿಗೆ ಹೋಗುವುದು

ಸರಕಾರಿ ಪಶು ಆಸ್ಪತ್ರೆ ಎಂದರೆ ಎಮ್ಮೆ, ಎತ್ತು, ಕುರಿಗೆ ಮಾತ್ರ ಎಂದು ನಾನೂ ನಂಬಿದ್ದೆ. ಅದು ಸರಿಯಲ್ಲ. ಅಲ್ಲಿ ನಾಯಿ, ಬೆಕ್ಕನ್ನೂ ನೋಡುತ್ತಾರೆ. ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರಗಳಲ್ಲಿ ಆಸ್ಪತ್ರೆಗಳಿವೆ, ಅನೇಕ ದೊಡ್ಡ ಹಳ್ಳಿಗಳಲ್ಲಿ ಪಶು ಚಿಕಿತ್ಸಾಲಯಗಳಿವೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮಧ್ಯಾಹ್ನವಾದರೆ ಡಾಕ್ಟರು ಹಳ್ಳಿಗಳ ಕಡೆ ಹೊರಟಿರುತ್ತಾರೆ. ದನಗಳಿಗೆ ಕಾಲುಬಾಯಿ ಬೇನೆಯ ಲಸಿಕೆ ಅಭಿಯಾನ ನಡೆಯುವ ದಿನಗಳಲ್ಲಂತೂ ಇಡೀ ಸಿಬ್ಬಂದಿ ಹೊರಗಿರುತ್ತದೆ, ಆಗ ಒಂದು ಮಾತು ಫೋನ್ ಮಾಡಿ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಅಲ್ಲಿನ ಕಪಾಟಿನಲ್ಲಿ ನಾಯಿಗೆ ಬೇಕಾದ ಔಷಧಿ ಎಲ್ಲ ಸಲವೂ ಇರುವುದಿಲ್ಲ, ಹೊರಗಿಂದ ತರಲು ಚೀಟಿ ಬರೆದುಕೊಡುತ್ತಾರೆ. ಅದಕ್ಕೆ ಬೇಸರಪಡಬೇಡಿ. ನಮಗೆ ಮುಖ್ಯವಾಗಿ ಬೇಕಾದದ್ದು ಕಲಿತ ಡಾಕ್ಟರ ಕಣ್ಣು ಮತ್ತು ಕೈ. ಆ ಕೆಲಸ ಅಲ್ಲಿ ಬಹುತೇಕ ಉಚಿತವಾಗಿಯೇ ಆಗುತ್ತದೆ.

1962 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವ ವ್ಯವಸ್ಥೆಯಿದೆ. ಅದು ಇರುವುದು ಮೊದಲಾಗಿ ರೈತರ ದನಕರುಗಳಿಗಾಗಿ. ಎಮ್ಮೆ ಬಿದ್ದ ಮನೆಗೆ ಅದು ಮೊದಲು ಹೋಗಬೇಕಾದ್ದೇ ನ್ಯಾಯ. ಆದರೂ ತುರ್ತು ಇದ್ದಾಗ ಕರೆ ಮಾಡಿ ಕೇಳುವುದರಲ್ಲಿ ನಷ್ಟವಿಲ್ಲ.

ದೊಡ್ಡ ಶಸ್ತ್ರಚಿಕಿತ್ಸೆಯ ಮಾತು ಬಂದರೆ ನಮ್ಮ ಭಾಗದವರು ತಟ್ಟನೆ ಹುಬ್ಬಳ್ಳಿಯ ಖಾಸಗಿ ಕ್ಲಿನಿಕ್ಕುಗಳನ್ನು ನೆನೆಯುತ್ತಾರೆ. ಅದಕ್ಕೂ ಮೊದಲು ಗದಗದ ಪಶುವೈದ್ಯಕೀಯ ಮಹಾವಿದ್ಯಾಲಯವನ್ನು ವಿಚಾರಿಸಿ, ಅದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ವಿದ್ಯಾರ್ಥಿಗಳು ಕಲಿಯುವ ಕಡೆ ಖರ್ಚು ಕಡಿಮೆ, ಅಧ್ಯಾಪಕರೇ ಪಕ್ಕದಲ್ಲಿ ನಿಂತು ನೋಡುತ್ತಾರೆ. ರಾಯಚೂರಿನ ಕಡೆಯವರಿಗೆ ಬೀದರ್ ದೂರವಾದರೂ ಒಂದು ದಿನದ ದಾರಿ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. "ನೂರು ರೂಪಾಯಿ ಕೊಡಿ, ಮನೆಗೇ ಬಂದು ಸೂಜಿ ಹಾಕುತ್ತೇನೆ" ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ನಮ್ಮ ಮನೆಗೂ ಒಬ್ಬರು ಬಂದಿದ್ದರು. ಸೂಜಿ ಹಾಕಿದ ಸಂಜೆ ಕೆಂಚಿ ಎದ್ದು ರೊಟ್ಟಿ ತಿಂದಳು, ಮರುದಿನ ಮತ್ತೆ ಮಲಗಿದಳು. ಅದು ಸ್ಟೀರಾಯ್ಡ್ ಇರಬೇಕು ಎಂದು ಡಾಕ್ಟರು ಆಮೇಲೆ ಹೇಳಿದರು. ರೋಗವನ್ನು ಮುಚ್ಚಿ ಮೈಗೆ ಒಂದು ದಿನದ ಚುರುಕು ಕೊಡುತ್ತದೆ, ಅಷ್ಟೇ. ನನ್ನ ಎರಡು ದಿನಗಳೂ ನೂರು ರೂಪಾಯಿಯೂ ಹೋದವು. ಪಶುವೈದ್ಯ ಪದವಿ ಓದಿ ನೋಂದಣಿ ಮಾಡಿಸಿದವರಲ್ಲದೆ ಬೇರೆಯವರ ಕೈಗೆ ಪ್ರಾಣಿಯನ್ನು ಕೊಡಬೇಡಿ.

ಎಷ್ಟಿದೆ ಎಂದು ಹೇಳುವುದು

ಕೆಂಚಿಗೆ ಬಂದಿದ್ದದ್ದು ಉಣ್ಣಿ ಜ್ವರ. ಊಟ ಬಿಟ್ಟಿದ್ದಳು, ಒಸಡು ಸುಣ್ಣದಂತಾಗಿತ್ತು, ಹೊಟ್ಟೆಯ ಕೆಳಗೆ ರೋಮವಿಲ್ಲದ ಕಡೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು. ಡಬ್ಬಿಯಲ್ಲಿ ಗವಿಮಠದ ಜಾತ್ರೆಗೆಂದು ಇಟ್ಟಿದ್ದ ಆರುನೂರು ರೂಪಾಯಿ ಇತ್ತು. ಡಾಕ್ಟರ ಮೇಜಿನ ಮುಂದೆ ನಿಂತಾಗ ನಾಲಿಗೆ ಒಣಗಿತ್ತು. ಬಡತನ ಹೇಳಿಕೊಳ್ಳುವುದು ಸುಲಭವಲ್ಲ. ಆದರೂ ಹೇಳಿದೆ: "ಸರ್, ನನ್ನ ಹತ್ತಿರ ಈಗ ಆರುನೂರು ರೂಪಾಯಿ ಇದೆ. ಗುರುವಾರ ಇನ್ನು ಮುನ್ನೂರು ಬರುತ್ತದೆ. ಇದರಲ್ಲಿ ಮೊದಲು ಏನು ಮಾಡಬೇಕು ಹೇಳಿ."

ಅವರು ಬರೆಯುತ್ತಿದ್ದ ಚೀಟಿಯನ್ನು ನಿಲ್ಲಿಸಿ, ಮೊದಲಿನಿಂದ ಯೋಚಿಸಿದರು. "ಹಾಗಾದರೆ ದೊಡ್ಡ ಪರೀಕ್ಷೆ ಈಗ ಬೇಡಮ್ಮಾ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡೋಣ. ಟಾನಿಕ್ಕನ್ನು ಗುರುವಾರದ ಮೇಲೆ ತೆಗೆದುಕೊಳ್ಳಿ. ಮಾತ್ರೆ ಮಾತ್ರ ಇವತ್ತೇ ಶುರುವಾಗಬೇಕು" ಎಂದರು. ನಾನು ಸುಮ್ಮನಿದ್ದಿದ್ದರೆ ಅವರು ಎಲ್ಲವನ್ನೂ ಬರೆಯುತ್ತಿದ್ದರು, ನಾನು ಮೆಡಿಕಲ್ ಅಂಗಡಿಯ ಮುಂದೆ ನಿಂತು ನನಗೆ ತೋಚಿದ್ದನ್ನು ಬಿಡುತ್ತಿದ್ದೆ. ಬಹುಶಃ ಮಾತ್ರೆಯನ್ನೇ ಬಿಟ್ಟು ಬಣ್ಣದ ಟಾನಿಕ್ಕು ಕೊಳ್ಳುತ್ತಿದ್ದೆ. ಯಾವುದನ್ನು ಬಿಡಬೇಕೆಂದು ತೀರ್ಮಾನಿಸಬೇಕಾದವರು ಡಾಕ್ಟರು. ಅದಕ್ಕೆ ಅವರಿಗೆ ನಮ್ಮ ಲೆಕ್ಕ ಗೊತ್ತಿರಬೇಕು.

ಅಂದಿನಿಂದ ಮೂರು ಮಾತು ಕೇಳದೆ ನಾನು ಎದ್ದು ಬರುವುದಿಲ್ಲ. ಇವತ್ತು ಇದನ್ನು ಮಾಡದಿದ್ದರೆ ಏನಾಗುತ್ತದೆ? ಈ ಪರೀಕ್ಷೆಯ ಫಲಿತಾಂಶದಿಂದ ಕೊಡುವ ಔಷಧಿ ಬದಲಾಗುತ್ತದೆಯೇ? ಇದರಲ್ಲಿ ನಾನು ಮನೆಯಲ್ಲೇ ಮಾಡಬಹುದಾದದ್ದು ಯಾವುದು? ಎರಡನೆಯದನ್ನು ಕೇಳಿದಾಗ ಸಿಟ್ಟಾದ ಡಾಕ್ಟರು ಇದುವರೆಗೆ ನನಗೆ ಸಿಕ್ಕಿಲ್ಲ. ಖಾಸಗಿ ಕ್ಲಿನಿಕ್ಕಿನಲ್ಲಿ ಕಂತಿನಲ್ಲಿ ಕೊಡುತ್ತೇನೆಂದು ಕೇಳುವುದಾದರೆ ಚಿಕಿತ್ಸೆ ಆರಂಭವಾಗುವ ಮುಂಚೆಯೇ ಕೇಳಿ, ತಾರೀಖು ಹೇಳಿ, ಆ ತಾರೀಖಿಗೆ ಐವತ್ತು ರೂಪಾಯಿಯಾದರೂ ಕೊಟ್ಟು ಬನ್ನಿ. ನಿಮ್ಮ ಮಾತು ಉಳಿದರೆ ನಿಮ್ಮ ಹಿಂದೆ ಬರುವ ಬಡವರ ಮಾತೂ ನಡೆಯುತ್ತದೆ.

ಔಷಧಿ ಅಂಗಡಿಯಲ್ಲಿ

ನಾಯಿಗೆ ಬರೆದುಕೊಡುವ ಔಷಧಿಗಳಲ್ಲಿ ಅನೇಕವು ಮನುಷ್ಯರದೇ. ಉಣ್ಣಿ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್, ಭೇದಿಗೆ ಕೊಡುವ ಮೆಟ್ರೊನಿಡಜೋಲ್, ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್, ಇವೆಲ್ಲ ಜನೌಷಧಿ ಕೇಂದ್ರದಲ್ಲಿ ಸಿಗುತ್ತವೆ. "ಸರ್, ಕಂಪನಿಯ ಹೆಸರಿನ ಬದಲು ಔಷಧಿಯ ಹೆಸರನ್ನೇ ಬರೆದುಕೊಡಿ" ಎಂದು ಕೇಳಿದರೆ ಬರೆದುಕೊಡುತ್ತಾರೆ. ಕೆಂಚಿಗೆ 28 ದಿನ ಮಾತ್ರೆ ಬೇಕಿತ್ತು. ಜನೌಷಧಿಯಲ್ಲಿ ಕೊಂಡಾಗ ಮಾಮೂಲು ಅಂಗಡಿಯ ಬೆಲೆಯ ಅರ್ಧಕ್ಕಿಂತ ಕಡಿಮೆಯಾಯಿತು. ಹತ್ತನೆಯ ದಿನವೇ ಅವಳು ಬಾಲ ಅಲ್ಲಾಡಿಸಿಕೊಂಡು ಓಣಿ ಸುತ್ತತೊಡಗಿದಳು. ಇನ್ನು ಸಾಕು, ದುಡ್ಡು ಉಳಿಸೋಣ ಎಂದು ನನ್ನ ಮನೆಯವರು ಅಂದರು. ನಾನು ಒಪ್ಪಲಿಲ್ಲ. ಅರ್ಧಕ್ಕೆ ಬಿಟ್ಟರೆ ರೋಗ ಮೈಯೊಳಗೆ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಏಳಬಹುದು, ಆಗ ಎರಡರಷ್ಟು ಖರ್ಚು.

ಆದರೆ ಮನುಷ್ಯರ ಮಾತ್ರೆ ನಾಯಿಗೂ ಆಗುತ್ತದೆ ಎಂಬ ಧೈರ್ಯದಲ್ಲಿ ಮನೆಯ ಪೆಟ್ಟಿಗೆಗೆ ಕೈ ಹಾಕಬೇಡಿ. ಜ್ವರಕ್ಕೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಗೆ ಏಟು ಕೊಡುತ್ತವೆ. ನಾಯಿಯ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಇರುವ ಪುಡಿ ಅಥವಾ ದ್ರವವನ್ನು ಬೆಕ್ಕಿಗೆ ಸೋಕಿಸಲೂ ಬಾರದು.

ಗಂಗಾವತಿಯ ಕಡೆ ಭತ್ತ ಬೆಳೆಯುವ ನಮ್ಮ ನೆಂಟರ ಮನೆಯಲ್ಲಿ ನಡೆದದ್ದನ್ನು ಹೇಳದೆ ಇರಲಾರೆ. ಬೆಳೆಗೆ ಹೊಡೆದು ಉಳಿದ ಕೀಟನಾಶಕವನ್ನು ಬಕೆಟ್ ನೀರಿಗೆ ಬೆರೆಸಿ ಉಣ್ಣಿ ಹತ್ತಿದ ನಾಯಿಗೆ ಸ್ನಾನ ಮಾಡಿಸಿದರು. ಉಣ್ಣಿ ಸತ್ತವು. ಅರ್ಧ ಗಂಟೆಯಲ್ಲಿ ನಾಯಿ ಜೊಲ್ಲು ಸುರಿಸಿ, ನಡುಗಿ ಬಿತ್ತು. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಆ ವಿಷ ಚರ್ಮದ ಮೂಲಕವೇ ಒಳಗಿಳಿಯುತ್ತದೆ, ನಾಯಿ ನೆಕ್ಕಿಕೊಂಡರೆ ಇನ್ನೂ ಬೇಗ. ಯಾರಾದರೂ ಹೀಗೆ ಮಾಡಿದ್ದು ಕಂಡರೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸೋಪಿನ ನೀರಿನಲ್ಲಿ ನಾಯಿಯನ್ನು ಚೆನ್ನಾಗಿ ತೊಳೆದು, ಔಷಧಿಯ ಡಬ್ಬಿಯನ್ನೂ ಜೊತೆಗೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿ. ಡಬ್ಬಿಯ ಮೇಲಿನ ಹೆಸರು ನೋಡಿದರೆ ಡಾಕ್ಟರಿಗೆ ಮದ್ದು ಕೊಡಲು ಸುಲಭ.

ಉಣ್ಣಿ ತೆಗೆಯಲು ಎಲ್ಲಕ್ಕಿಂತ ಅಗ್ಗದ ಸಾಧನ ಕೈ ಮತ್ತು ತಾಳ್ಮೆ. ಕೂದಲು ಬಿಡಿಸಿ ಅಭ್ಯಾಸವಾದ ಬೆರಳುಗಳು ನನ್ನವು. ದಿನವೂ ಸಂಜೆ ಕೆಂಚಿಯ ಕಿವಿಯೊಳಗೆ, ಬೆರಳಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ಹುಡುಕುತ್ತೇನೆ. ಚಿಮುಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು, ತಿರುಚದೆ ನೇರವಾಗಿ ಎಳೆದು, ಸೋಪಿನ ನೀರಿನ ಬಟ್ಟಲಿಗೆ ಹಾಕಬೇಕು. ಉಗುರಿನಿಂದ ಕುಕ್ಕಬಾರದು. ಒಂದು ಹೆಣ್ಣು ಉಣ್ಣಿ ಗೋಡೆಯ ಬಿರುಕಿಗೆ ಹತ್ತಿ ಸಾವಿರಾರು ಮೊಟ್ಟೆ ಇಡುತ್ತದೆ. ಅದಕ್ಕೇ ನಾವು ಕೆಂಚಿ ಮಲಗುವ ಕಡೆಯ ಬಿರುಕುಗಳಿಗೆಲ್ಲ ಸಿಮೆಂಟ್ ತುಂಬಿ ಸುಣ್ಣ ಬಳಿದೆವು. ಮೈಗೆ ಹಚ್ಚುವ ಔಷಧಿಗಿಂತ ಇದು ಹೆಚ್ಚು ಕೆಲಸ ಮಾಡಿತು.

ಇನ್ನೊಂದು, ತೂಕ. ಜಂತುಹುಳುವಿನ ಮಾತ್ರೆಯಿಂದ ಹಿಡಿದು ಎಲ್ಲ ಔಷಧಿಯೂ ತೂಕದ ಮೇಲೆಯೇ. ಅಂದಾಜಿನಲ್ಲಿ ಹೇಳಿದರೆ ಒಂದೋ ಔಷಧಿ ಸಾಲದು, ಇಲ್ಲವೇ ಹೆಚ್ಚಾಗುತ್ತದೆ. ಕೂದಲು ತೂಗುವ ಅಂಗಡಿಯಲ್ಲಿ ಚೀಲ ಇಡುವ ದೊಡ್ಡ ತಕ್ಕಡಿಯಿದೆ. ಕೆಂಚಿಯನ್ನು ಎತ್ತಿಕೊಂಡು ಅದರ ಮೇಲೆ ನಿಂತೆ, 71 ಕಿಲೊ. ಅವಳನ್ನು ಇಳಿಸಿ ನಿಂತೆ, 54. ಕೆಂಚಿ 17 ಕಿಲೊ. ಅಂಗಡಿಯ ಅಣ್ಣ ನಕ್ಕರೂ ಈಗ ಓಣಿಯ ಬೇರೆಯವರೂ ಮರಿಗಳನ್ನು ತಂದು ತೂಗಿಸುತ್ತಾರೆ.

ಮನೆಯಲ್ಲೇ ಆರೈಕೆ

ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವ ದಿನಬಾಡಿಗೆಯೇ ಬಿಲ್ಲಿನಲ್ಲಿ ದೊಡ್ಡ ಪಾಲು. "ಸೂಜಿಯ ನಳಿಕೆಯನ್ನು ಕಾಲಿನಲ್ಲಿಯೇ ಬಿಟ್ಟು ಕಟ್ಟಿಕೊಡಿ, ಬೆಳಿಗ್ಗೆ ಸಂಜೆ ನಾನೇ ಕರೆತರುತ್ತೇನೆ" ಎಂದು ಕೇಳಬಹುದು. ಕಳೆದ ವರ್ಷ ಬೆಳ್ಳಿ ಮೂರು ದಿನ ಊಟ ಬಿಟ್ಟಾಗ ಡಾಕ್ಟರು ನನಗೆ ಚರ್ಮದ ಕೆಳಗೆ ಸಲೈನ್ ಕೊಡುವುದನ್ನು ಕಲಿಸಿದರು. ಅವರು ಒಮ್ಮೆ ಮಾಡಿ ತೋರಿಸಿದರು, ಎರಡನೆಯ ಸಲ ನನ್ನ ಕೈ ಹಿಡಿದು ಮಾಡಿಸಿದರು, ಮೂರನೆಯ ಸಲ ನಾನು ಮಾಡುವುದನ್ನು ನೋಡಿದರು. ಬಾಟಲಿಯನ್ನು ಉಗುರು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಟ್ಟು ಮೈ ಬಿಸಿಗೆ ತರಬೇಕು. ಹೆಗಲಿನ ನಡುವಿನ ಸಡಿಲ ಚರ್ಮವನ್ನು ಡೇರೆಯ ಹಾಗೆ ಎತ್ತಿ, ಆ ಪೊಳ್ಳಿಗೆ ಸೂಜಿ ಹಾಕಬೇಕು. ನೀರು ಇಳಿದಂತೆ ಅಲ್ಲೊಂದು ಪುಟ್ಟ ಬನ್ನಿನಷ್ಟು ಉಬ್ಬು ಏಳುತ್ತದೆ. ಮೊದಲ ದಿನ ಅದು ಮುಂಗಾಲಿನ ಕಡೆಗೆ ಜಾರಿದ್ದನ್ನು ನೋಡಿ ಎದೆ ಧಸಕ್ಕೆಂದಿತ್ತು. ರಾತ್ರಿಯೊಳಗೆ ಮೈ ಅದನ್ನೆಲ್ಲ ಹೀರಿಕೊಂಡಿತು. ಯಾವ ಸಲೈನ್, ಎಷ್ಟು, ದಿನಕ್ಕೆಷ್ಟು ಸಲ ಎಂಬುದನ್ನು ಡಾಕ್ಟರೇ ಹೇಳಬೇಕು. ಹೃದಯದ ತೊಂದರೆ ಇರುವ ಪ್ರಾಣಿಗೆ ಇದೇ ನೀರು ಅಪಾಯ. ಯಾರಿಂದಲೂ ಕೈ ಹಿಡಿದು ಕಲಿಯದೆ ವಿಡಿಯೊ ನೋಡಿ ಮಾಡಬೇಡಿ.

ನಮ್ಮಲ್ಲಿ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಯಿ ವಿಪರೀತ ತೇಕುತ್ತ ತೂರಾಡಿದರೆ ನೆರಳಿಗೆ ತಂದು, ಮೈಗೆ ತಣ್ಣೀರು ಸುರಿದು, ಫ್ಯಾನ್ ಹಾಕಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಒದ್ದೆ ಗೋಣಿಚೀಲ ಹೊದಿಸಿ ಹಾಗೇ ಬಿಡಬೇಡಿ, ಬಿಸಿ ಒಳಗೇ ಉಳಿಯುತ್ತದೆ.

ಖರ್ಚು ಬರುವ ಮುಂಚೆ ಮಾಡುವ ಖರ್ಚು

ಲಸಿಕೆಯಷ್ಟು ಲಾಭದ ಖರ್ಚು ಬೇರೊಂದಿಲ್ಲ. ಪಾರ್ವೊ ಸೇರಿದಂತೆ ಹಲವು ರೋಗಗಳನ್ನು ತಡೆಯುವ ಕೂಡು ಲಸಿಕೆಯನ್ನು ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳು ತುಂಬುವವರೆಗೆ ಕೊಡಿಸಬೇಕು. ಒಂದನ್ನು ಕೊಡಿಸಿ ನಿಲ್ಲಿಸಿದರೆ ಕೊಟ್ಟ ದುಡ್ಡೂ ದಂಡ, ಏಕೆಂದರೆ ತಾಯಿಯ ಹಾಲಿನಿಂದ ಬಂದ ರಕ್ಷಣೆ ಆ ಮೊದಲ ಲಸಿಕೆಯ ಕೆಲಸವನ್ನು ತಡೆಯುತ್ತದೆ. ಪಾರ್ವೊದಿಂದ ನಾಯಿ ಸತ್ತ ಮನೆಗೆ ಹೊಸ ಮರಿಯನ್ನು ಅವಸರದಲ್ಲಿ ತರಬೇಡಿ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನಾವು ನೆಲವನ್ನು ಬ್ಲೀಚಿಂಗ್ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಒಂದು ವರ್ಷ ಕಳೆದ ಮೇಲೆಯೇ ಕೆಂಚಿಯನ್ನು ತಂದದ್ದು.

ರೇಬಿಸ್ ಲಸಿಕೆಯನ್ನು ಮೂರು ತಿಂಗಳ ವಯಸ್ಸಿಗೆ, ಆಮೇಲೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಜುಲೈ 6 ಪ್ರಾಣಿಜನ್ಯ ರೋಗಗಳ ದಿನ, 1885ರಲ್ಲಿ ಲೂಯಿ ಪಾಶ್ಚರ್ ನಾಯಿ ಕಚ್ಚಿದ ಹುಡುಗನಿಗೆ ಮೊದಲ ಸಲ ಲಸಿಕೆ ಕೊಟ್ಟ ದಿನವದು. ಈ ಎರಡೂ ದಿನಗಳ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಲಸಿಕೆ ಹಾಕುವ ರೂಢಿಯಿದೆ. ಒಂದು ವಾರ ಮುಂಚೆ ಹೋಗಿ ವಿಚಾರಿಸಿಕೊಳ್ಳಿ. ಆ ದಿನ ತಪ್ಪಿದರೆ ಇನ್ನೊಂದು ದಾರಿ. ರೇಬಿಸ್ ಲಸಿಕೆ ಹತ್ತು ನಾಯಿಗಳಿಗಾಗುವ ಸೀಸೆಯಲ್ಲೂ ಬರುತ್ತದೆ, ಒಂದೊಂದಾಗಿ ಕೊಳ್ಳುವುದಕ್ಕಿಂತ ಅಗ್ಗ. ನಮ್ಮ ಓಣಿಯ ಏಳು ಮನೆಯವರು ಸೇರಿ ಒಂದು ಸೀಸೆ ತಂದು, ಬೀದಿಯ ಮೂರು ನಾಯಿಗಳನ್ನೂ ಲೆಕ್ಕಕ್ಕೆ ಸೇರಿಸಿ, ಡಾಕ್ಟರನ್ನು ಕರೆದೆವು. ಸೀಸೆಯನ್ನು ಅಂಗಡಿಯಿಂದ ಮನೆಗೆ ತರುವವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಚಹಾದ ಫ್ಲಾಸ್ಕಿನಲ್ಲಿ ಮಂಜುಗಡ್ಡೆ ತುಂಬಿ, ಸೀಸೆ ಮಂಜಿಗೆ ತಾಗದಂತೆ ಬಟ್ಟೆ ಸುತ್ತಿ ತಂದೆ. ತೆರೆದ ಸೀಸೆಯನ್ನು ಅಂದೇ ಮುಗಿಸಬೇಕು, ಹೀಗಾಗಿ ಎಲ್ಲರೂ ಒಂದೇ ಬೆಳಿಗ್ಗೆ ಸೇರುವುದು ಮುಖ್ಯ. ನಾಯಿ ಮನುಷ್ಯರನ್ನು ಕಚ್ಚಿದರೆ, ಅದು ಲಸಿಕೆಯಾದ ನಾಯಿಯೇ ಆಗಿರಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಸರಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಮನುಷ್ಯರ ಲಸಿಕೆ ಉಚಿತ.

ಹೆಣ್ಣು ನಾಯಿಗೆ ಮಕ್ಕಳಾಗದ ಆಪರೇಷನ್ ಮಾಡಿಸಲು ನಾನು ಎರಡು ವರ್ಷ ಹಿಂಜರಿದೆ. ಮಾಡಿಸದೆ ಬಿಟ್ಟ ನಾಯಿಗಳಲ್ಲಿ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬರುವುದುಂಟು. ಆಗ ಅದೇ ಆಪರೇಷನ್ನನ್ನು ಸಾಯುತ್ತಿರುವ ನಾಯಿಗೆ, ಹಲವು ಪಟ್ಟು ಖರ್ಚಿನಲ್ಲಿ ಮಾಡಿಸಬೇಕು. ಸರಕಾರಿ ಡಾಕ್ಟರು ದಾರ, ಅರಿವಳಿಕೆ, ಇಂಜೆಕ್ಷನ್ನಿನ ಪಟ್ಟಿ ಬರೆದುಕೊಟ್ಟರು, ಸಾಮಾನು ನಾನು ತಂದುಕೊಟ್ಟೆ. ಎಲ್ಲ ಸೇರಿ ನನಗೆ 1,800 ರೂಪಾಯಿ ಬಿತ್ತು. ಬೀದಿ ನಾಯಿಗಳ ಆಪರೇಷನ್ ಮತ್ತು ರೇಬಿಸ್ ಲಸಿಕೆ 2023ರ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆಯ ಹೊಣೆ. ನಗರಸಭೆಗೋ ಪಟ್ಟಣ ಪಂಚಾಯಿತಿಗೋ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಡಬ್ಬಿ

ಹಾಲಿನ ಪುಡಿಯ ಹಳೆಯ ಡಬ್ಬಿಗೆ ದಿನಕ್ಕೆ ಐದು ರೂಪಾಯಿ ಹಾಕುತ್ತೇನೆ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ತಿಂಗಳು ನೂರು ರೂಪಾಯಿ ಸೇರಿಸುತ್ತೇನೆ. ಅದನ್ನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ ಎಂದು ಮಗಳು ಮುಚ್ಚಳದ ಮೇಲೆ "ಕೆಂಚಿ, ಬೆಳ್ಳಿ" ಎಂದು ಬರೆದಿದ್ದಾಳೆ. ಸ್ತ್ರೀಶಕ್ತಿ ಸಂಘದಲ್ಲಿ ಒಳಸಾಲ ಕೇಳಿದಾಗ ಮೊದಲು ಗೊಣಗಿದರು. ಎಮ್ಮೆಗೆ ಕೊಡುವುದಾದರೆ ನಾಯಿಗೆ ಏಕಿಲ್ಲ ಎಂದು ಹಿರಿಯ ಅಕ್ಕ ಒಬ್ಬರು ನನ್ನ ಪರವಾಗಿ ಮಾತಾಡಿದ ಮೇಲೆ ಒಪ್ಪಿದರು. ಬಡ್ಡಿ ವ್ಯಾಪಾರಿಗಳ ಹತ್ತಿರ ಮಾತ್ರ ಹೋಗಬೇಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಸಹಾಯ ಕೇಳುವುದಾದರೆ ಡಾಕ್ಟರ ಚೀಟಿ, ಅಂದಾಜು ಬಿಲ್ಲು ಹಾಕಿ, ದುಡ್ಡನ್ನು ನೇರವಾಗಿ ಆಸ್ಪತ್ರೆಗೋ ಮೆಡಿಕಲ್ ಅಂಗಡಿಗೋ ಕಳುಹಿಸಲು ಹೇಳಿ. ಬಂದ ಪ್ರತಿ ರೂಪಾಯಿಯ ಲೆಕ್ಕವನ್ನು ಅಲ್ಲೇ ತೋರಿಸಿ.

ಆಗದು ಎಂದಾಗ

ಎಷ್ಟು ಮಾಡಿದರೂ ಉಳಿಯದ ಸಂದರ್ಭ ಬರುತ್ತದೆ. ಪಕ್ಕದ ಮನೆಯ ಅಜ್ಜನ ನಾಯಿಗೆ ಹದಿಮೂರು ವರ್ಷ, ಬಾಯಲ್ಲಿ ದೊಡ್ಡ ಗಡ್ಡೆ, ನೀರು ನುಂಗಲೂ ಆಗುತ್ತಿರಲಿಲ್ಲ. ಇದ್ದ ಬೆಳ್ಳಿ ಉಡಿದಾರ ಮಾರಿ ಹುಬ್ಬಳ್ಳಿಗೆ ಒಯ್ಯುತ್ತೇನೆಂದು ಅಜ್ಜ ಹಟ ಹಿಡಿದಿದ್ದರು. ನಾನು ಅವರ ಜೊತೆ ಡಾಕ್ಟರ ಹತ್ತಿರ ಹೋಗಿ, "ಸರ್, ಇದು ನಿಮ್ಮದೇ ನಾಯಿಯಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳಿದೆ. ಅವರು ಅಜ್ಜನ ಕೈ ಹಿಡಿದುಕೊಂಡು, ನೋವಿಲ್ಲದೆ ಮಲಗಿಸಿ ಕಳುಹಿಸುವುದೇ ಮೇಲು ಎಂದರು. ಮೊದಲ ಇಂಜೆಕ್ಷನ್ನಿಗೆ ನಿದ್ದೆ, ಎರಡನೆಯದಕ್ಕೆ ಉಸಿರು ನಿಂತಿತು. ಅಜ್ಜ ಕೊನೆಯವರೆಗೂ ಅದರ ಕಿವಿಯ ಹಿಂದೆ ತುರಿಸುತ್ತಿದ್ದರು. ಅದನ್ನು ಕೇಳುವುದಕ್ಕೆ ನಾಚಿಕೆಪಡಬೇಡಿ. ದುಡ್ಡಿಲ್ಲವೆಂದು ನರಳುವ ಪ್ರಾಣಿಯನ್ನು ಊರಾಚೆ ಬಿಟ್ಟು ಬರುವುದು ಬೇಡ.

ಆಮೇಲೆ ಮನೆಯಲ್ಲಿ ಉಳಿದ ಔಷಧಿಗಳನ್ನು ಎಸೆಯಬೇಡಿ. ಸೀಲು ಒಡೆಯದ, ಅವಧಿ ಮುಗಿಯದ ಮಾತ್ರೆಯ ಪಟ್ಟಿಗಳನ್ನು ಡಾಕ್ಟರಿಗೆ ತೋರಿಸಿ, ಅವರ ಕೈಯಲ್ಲೇ ಕೊಟ್ಟು ಬನ್ನಿ. ಕೆಂಚಿಯ 28 ದಿನದ ಮಾತ್ರೆಗಳಲ್ಲಿ ಕೊನೆಯ ಎಂಟು ದಿನದವು ಹಾಗೆ ಯಾರೋ ಕೊಟ್ಟು ಹೋದ ಪಟ್ಟಿಯಿಂದ ಬಂದವು. ಅಜ್ಜನ ನಾಯಿಗೆ ತಂದು ಉಳಿದಿದ್ದನ್ನು ಮರುದಿನ ನಾನೇ ಒಯ್ದು ಕೊಟ್ಟೆ.